ದಿವಾನ್ ರಂಗಾಚಾರ್ಲು ಅವರೂ ಪ್ರಜಾಪ್ರತಿನಿಧಿ ಸಭೆಯೂ

ರಾಜ್ಯಭಾರ ನಡೆಯಿಸುವವರ ಬಾಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಸಮಾಧಾನವುಂಟು. ತಾವು ತಂದ ಏರ್ಪಾಟು ಜನರಿಗೆ ಒಪ್ಪಿಗೆಯಾಗದೆ ಹೋದಾಗ, ಏರ್ಪಾಟಿನಲ್ಲಿ ದೋಷವೇನೂ ಇಲ್ಲ, ಅದನ್ನು ತಿಳಿಯಹೇಳುವುದರಲ್ಲಿ ಮಾತ್ರ ಕೊರತೆಯಾಯಿತು ಎಂದು ಅವರು ಹೇಳಿಕೊಳ್ಳುತ್ತಾರೆ. 2020ರಲ್ಲಿ ತಂದ ಮೂರು ಕೃಷಿ ಕಾಯಿದೆಗಳನ್ನು ಹಿಂತೆಗೆದುಕೊಳ್ಳುವೆವೆಂದು 2021ನೆಯ ನವೆಂಬರ್ 19ರಂದು ಸಾರಿದಾಗ ಪ್ರಧಾನಮಂತ್ರಿಗಳು ಕೊಟ್ಟ ಕಾರಣವೂ, ಕೆಲವು ರೈತರಿಗೆ ವಿಷಯವನ್ನು ಮನಗಾಣಿಸಲಾಗಲಿಲ್ಲವೆಂಬುದೇ ಆಗಿತ್ತು. ಈ ಸಮಾಧಾನವು ಯಾವುದೋ ಒಂದು ಪಕ್ಷದ ಸೊತ್ತಲ್ಲ; ಅಧಿಕಾರದ ಪೀಠದಲ್ಲಿ ಕುಳಿತ ಎಲ್ಲರಿಗೂ ಅದು ಒದಗಿಬರುತ್ತದೆ. ಅದರ ಸತ್ಯಾಸತ್ಯವನ್ನು ತೂಗಿನೋಡಬೇಕೆಂಬವರು ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರ ಜೀವನವನ್ನು ಅವಲೋಕಿಸುವುದು ಯುಕ್ತವಾಗಿದೆ. ಏಕೆಂದರೆ ಆ ನಂಬಿಕೆಯನ್ನು ಅವರು ನೆಪವಾಗಿ ಹಿಡಿಯದೆ ಪ್ರಾಮಾಣಿಕವಾಗಿ ಹಿಡಿದರು. ಅದರ ಮೇಲೆಯೇ ಒಂದು ಸಂಸ್ಥೆಯನ್ನು ಕಟ್ಟಿದರು.

ರಂಗಾಚಾರ್ಲು ಅವರು 1831ರಲ್ಲಿ ಮದರಾಸಿನ ಸಮೀಪದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿದರು. ಆಂಗ್ಲ ವಿದ್ಯಾಭ್ಯಾಸವನ್ನು ಮುಗಿಸಿ ಮದರಾಸು ಸರಕಾರದ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಸ್ವಂತ ಸಾಮರ್ಥ್ಯದಿಂದಲೇ ಮೇಲಕ್ಕೆ ಬಂದರು. ಇನಾಮು ಜಮೀನುಗಳ ವಿಚಾರಣೆಯಲ್ಲಿ ಕೆಲಸ ಮಾಡಿ ಭೂಮಿಯ ಲೆಕ್ಕವನ್ನೂ ಗ್ರಾಮಾಧಿಕಾರಿಗಳ ನಡತೆಯನ್ನೂ ಹತ್ತಿರದಿಂದ ಕಂಡರು. ಕಂದಾಯ ಇಲಾಖೆಯ ಲಂಚಗುಳಿತನವನ್ನು ಕುರಿತು ಸೇವೆಯಲ್ಲಿದ್ದಾಗಲೇ ಪುಸ್ತಿಕೆಯೊಂದನ್ನು ಬರೆದುದು ಅವರ ಧೈರ್ಯಕ್ಕೆ ಸಾಕ್ಷಿಯಾಗಿದೆ.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದರು. ಸಂಸ್ಥಾನವು 1831ರಿಂದಲೂ ಆಂಗ್ಲ ಕಮಿಷನರುಗಳ ಆಡಳಿತದಲ್ಲಿತ್ತು. ಅರಮನೆಯ ಸಾಲ ಮತ್ತು ವೆಚ್ಚಗಳ ಗೊಂದಲವನ್ನು ಬಿಡಿಸುವುದಕ್ಕಾಗಿ ರಂಗಾಚಾರ್ಲು ಅವರು ಅದೇ ವರ್ಷ ಮೈಸೂರಿಗೆ ಬಂದರು. ಬಾಲಕ ಮಹಾರಾಜರು ಪ್ರಾಪ್ತವಯಸ್ಕರಾಗುವವರೆಗೆ ಅರಮನೆಯ ವ್ಯವಹಾರವನ್ನೂ, ಅನಂತರ ಸಂಸ್ಥಾನದ ಕಂದಾಯವನ್ನೂ ನೋಡಿಕೊಂಡರು. ಆಂಗ್ಲರ ಆಡಳಿತದಲ್ಲಿ ದುಬಾರಿ ಹುದ್ದೆಗಳು ಬೆಳೆಯುತ್ತಿದ್ದುದನ್ನು ಖಂಡಿಸಿ ಅವರು ಬರೆದ ಪುಸ್ತಿಕೆಯು 1874ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1881ನೆಯ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಸಂಸ್ಥಾನವು ಹಿಂದಿರುಗಿ ಬಂದಿತು. ಅಂದೇ ರಂಗಾಚಾರ್ಲು ಅವರು ದಿವಾನರಾದರು.

ಅವರ ಕೈಗೆ ಬಂದುದು ಬರಿದಾದ ಬೊಕ್ಕಸ. 1876ರಿಂದ 1878ರವರೆಗಿನ ಘೋರ ಕ್ಷಾಮದ ಗಾಯವು ಇನ್ನೂ ಮಾಯ್ದಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಕ್ಷಾಮದ ಕಾಲದಲ್ಲಿ ಇಂಡಿಯಾ ಸರಕಾರದಿಂದ ಪಡೆದ ಸಾಲವು 80 ಲಕ್ಷ ರೂಪಾಯಿ. ಅದಕ್ಕೆ ಬಡ್ಡಿ ಬೇರೆ. ವರ್ಷಂಪ್ರತಿ ಕೊಡಬೇಕಾಗಿದ್ದ ಪೊಗದಿಯನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರೂ ಆಗಿತ್ತು. ಆ ಏರಿಕೆಯನ್ನು ಕೆಲವು ವರ್ಷಗಳವರೆಗೆ ಮುಂದಕ್ಕೆ ಹಾಕಲಾಗಿತ್ತೆಂಬುದಷ್ಟೇ ಸಮಾಧಾನ. ಇಂಥ ಸ್ಥಿತಿಯಲ್ಲಿ ಯಾವ ದಿವಾನನೇ ಆಗಲಿ, ಜನರಿಗೆ ಮೆಚ್ಚುಗೆಯಾಗುವ ಕೆಲಸಗಳನ್ನು ಮಾತ್ರವೇ ಮಾಡುವುದು ಸಾಧ್ಯವಿರಲಿಲ್ಲ.

ಆದುದರಿಂದಲೇ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. 1881ನೆಯ ಆಗಸ್ಟ್ 25ರ ಸರಕಾರಿ ಆಜ್ಞೆಯು ಅದರ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿತು. ಸರಕಾರವು ಕೈಗೊಳ್ಳುವ ಕಾರ್ಯಗಳು ಯಾರ ಹಿತಕ್ಕಾಗಿ ಆಗಿವೆಯೋ ಆ ಪ್ರಜೆಗಳೇ ಅವುಗಳ ಉದ್ದೇಶವನ್ನು ಚೆನ್ನಾಗಿ ಅರಿತು ಮೆಚ್ಚುವಂತಾಗಬೇಕೆಂಬುದು ಆ ಆಜ್ಞೆಯ ತಾತ್ಪರ್ಯ. ಪ್ರತಿ ತಾಲೂಕಿನಿಂದ ತಿಳಿವಳಿಕೆಯುಳ್ಳ ಒಬ್ಬಿಬ್ಬರು ಹಿಡುವಳಿದಾರರನ್ನೂ ಜಿಲ್ಲೆಗಳಿಂದ ಕೆಲವರು ವರ್ತಕರನ್ನೂ ಕರೆಯಿಸಲಾಯಿತು. 1881ನೆಯ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಮಂದಿ ಸದಸ್ಯರು ಮೈಸೂರಿನಲ್ಲಿ ಕೂಡಿದರು. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆಯು ಇದೇ ಮೊದಲನೆಯದು. ದಿವಾನರು ವರ್ಷದ ಆದಾಯವೆಚ್ಚಗಳನ್ನೂ ಮುಂದಿನ ಯೋಚನೆಗಳನ್ನೂ ಸದಸ್ಯರ ಮುಂದೆ ಬಿಚ್ಚಿಟ್ಟರು. ಅದುವರೆಗೆ ಬೊಕ್ಕಸದ ಲೆಕ್ಕವೆಂಬುದು ರೈತನಿಗೆ ದೇವರ ಗರ್ಭಗುಡಿಯಷ್ಟೇ ದೂರವಾಗಿತ್ತು.

ಆದರೆ ಈ ಸಭೆಗೆ ಮತದ ಅಧಿಕಾರವಿರಲಿಲ್ಲ. ಸದಸ್ಯರನ್ನು ಜನರು ಚುನಾಯಿಸಿರಲೂ ಇಲ್ಲ. ದಿವಾನರು ಹೇಳುವುದು, ಸದಸ್ಯರು ಕೇಳಿ ಅರಿಕೆ ಮಾಡಿಕೊಳ್ಳುವುದು, ಅಷ್ಟೇ ಅದರ ವ್ಯಾಪ್ತಿ. ಅದರ ಬುಡದಲ್ಲಿದ್ದ ನಂಬಿಕೆಯು ಇದು: ಸರಕಾರದ ಹಿತವೂ ಪ್ರಜೆಯ ಹಿತವೂ ಒಂದೇ, ಆದುದರಿಂದ ಪ್ರಜೆಯು ಒಪ್ಪದಿದ್ದರೆ ಅವನಿಗೆ ವಿಷಯ ತಿಳಿದಿಲ್ಲವೆಂದೇ ಅರ್ಥ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಸಂಸ್ಥಾನದ ಸಾಲವೆಷ್ಟು, ಪೊಗದಿಯೆಷ್ಟು ಎಂಬುದನ್ನು ಅರಿಯದವನು ಮಿತವ್ಯಯದ ಅಗತ್ಯವನ್ನು ಅರಿಯಲಾರನು. ಲೆಕ್ಕವನ್ನು ಮುಚ್ಚಿಡುವ ಸರಕಾರವು ಜನರ ಸಂಶಯವನ್ನು ದೂರುವುದಕ್ಕೆ ಹಕ್ಕುಳ್ಳದ್ದಲ್ಲ. ಈ ಮಟ್ಟಿಗೆ ರಂಗಾಚಾರ್ಲು ಅವರು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದರು.

ಉಳಿದರ್ಧವನ್ನು ಅವರ ಮಿತವ್ಯಯವೇ ತೋರಿಸಿಕೊಟ್ಟಿತು. ಖರ್ಚನ್ನು ತಗ್ಗಿಸುವುದಕ್ಕಾಗಿ ಸಂಸ್ಥಾನದ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಲಾಯಿತು. ಹಾಸನವೂ ಚಿತ್ರದುರ್ಗವೂ ಜಿಲ್ಲೆಯ ಸ್ಥಾನವನ್ನು ಕಳೆದುಕೊಂಡವು. ಕೆಲವು ತಾಲೂಕುಗಳನ್ನೂ ಬೇರೆಯವುಗಳೊಡನೆ ಕೂಡಿಸಲಾಯಿತು. ಲೆಕ್ಕದ ಪುಸ್ತಕದಲ್ಲಿ ಇದು ಉಳಿತಾಯವೇ ಸರಿ. ಆದರೆ ಕಚೇರಿಯು ಹತ್ತಿರದಲ್ಲಿದ್ದಾಗ ಒಂದು ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಎತ್ತಿನ ಗಾಡಿ ಕಟ್ಟಿಕೊಂಡು ದೂರದ ಊರಿಗೆ ಅಲೆಯಬೇಕಾದ ರೈತನಿಗೆ ಅದರ ಅರ್ಥವನ್ನು ಯಾರೂ ತಿಳಿಯಹೇಳಬೇಕಾಗಿರಲಿಲ್ಲ. ದಿವಾನರು ಉಳಿಸಿದ ಹಣವನ್ನು ಅವನು ತನ್ನ ದಾರಿಯ ಬುತ್ತಿಯಿಂದಲೂ ಕಳೆದುಕೊಂಡ ದಿನಗಳಿಂದಲೂ ತೆರುತ್ತಿದ್ದನು. ತಿಳಿವಳಿಕೆಯ ಕೊರತೆಯೇನಾದರೂ ಇದ್ದಿದ್ದರೆ ಅದು ಇದ್ದುದು ಕಚೇರಿಯಲ್ಲಿಯೇ ಹೊರತು ಹಳ್ಳಿಯಲ್ಲಲ್ಲ. ರಂಗಾಚಾರ್ಲು ಅವರ ತರುವಾಯ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಆ ಎರಡು ಜಿಲ್ಲೆಗಳನ್ನೂ ಪುನಃ ಸ್ಥಾಪಿಸಬೇಕಾಯಿತು.

ಅದನ್ನು ಕಾಣುವವರೆಗೆ ರಂಗಾಚಾರ್ಲು ಅವರು ಬದುಕಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. ಸಭೆಯ ಎರಡನೆಯ ಅಧಿವೇಶನವೂ ಅದೇ ವರ್ಷ ನಡೆಯಿತು. 1883ನೆಯ ಜನವರಿ 20ರಂದು ಅವರು ಮದರಾಸಿನಲ್ಲಿ ಸ್ವರ್ಗಸ್ಥರಾದರು. ದಿವಾನಗಿರಿಯಲ್ಲಿ ಎರಡು ವರ್ಷಗಳೂ ತುಂಬಿರಲಿಲ್ಲ. ಮೈಸೂರಿನ ಪುರಭವನವು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಅವರು ನೆಟ್ಟ ಸಸಿಯಾದರೋ ಅವರು ನೆನೆಯದ ದಿಕ್ಕಿನಲ್ಲಿ ಬೆಳೆಯಿತು. ಸರಕಾರದ ಮಾತು ಹೊರಗೆ ಹೋಗಲೆಂದು ತೆರೆದ ಬಾಗಿಲಿನಿಂದ ಜನರ ಮಾತು ಒಳಗೆ ಬರತೊಡಗಿತು. 1891ರಲ್ಲಿ ಸದಸ್ಯರ ಚುನಾವಣೆಯ ಪದ್ಧತಿ ಬಂದಿತು. 1923ರ ಸುಧಾರಣೆಯಿಂದ ಸಭೆಗೆ ಶಾಸನದ ಆಧಾರ ದೊರೆತು, ಹೊಸ ತೆರಿಗೆಯನ್ನು ಹಾಕುವ ಮೊದಲು ಅದರ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವಾಯಿತು. ನಡುವೆ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವರೂ ಉಂಟು. 1908ರಲ್ಲಿ, ವಿ. ಪಿ. ಮಾಧವರಾಯರ ದಿವಾನಗಿರಿಯಲ್ಲಿ, ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ಕಾಯಿದೆ ಬಂದಿತು. ತಾತಯ್ಯನವರೆಂದು ಪೂಜ್ಯರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಜನರಿಗೆ ತಿಳಿಯಹೇಳುವವರು ತಪ್ಪಾಗಿ ಹೇಳುತ್ತಿದ್ದಾರೆಂದು ಬಾಯಿ ಕಟ್ಟುವುದು, ಜನರಿಗೆ ತಿಳಿಯದೆಂಬ ನಂಬಿಕೆಯ ಕಡೆಯ ಮೆಟ್ಟಿಲು. ರಂಗಾಚಾರ್ಲು ಅವರು ಆ ಮೆಟ್ಟಿಲನ್ನು ಹತ್ತದೆ, ತಮ್ಮನ್ನು ಒಪ್ಪದವನಿಗೂ ತಮ್ಮ ಎದುರಿನಲ್ಲಿಯೇ ಆಸನ ಕೊಟ್ಟರು. ಅವರ ಹಿರಿಮೆಯಿರುವುದು ಇಲ್ಲಿ.

ಆ ಕಾಲದಲ್ಲಿ ನಮ್ಮ ರಾಯಚೂರು ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿತ್ತು. ಮೈಸೂರಿನ ಸಭೆಯಲ್ಲಿ ಇಲ್ಲಿಯವರಿಗೆ ಸ್ಥಾನವಿರಲಿಲ್ಲ. ಇಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಜನರು ತಮ್ಮ ಶಾಸಕರನ್ನು ತಾವೇ ಆರಿಸುತ್ತಾರೆ. ಹೀಗಿದ್ದಾಗ್ಯೂ ಹಳೆಯ ಮಾತು ಹೋಗಿಲ್ಲ. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ 2020ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಹೂಡಿದಾಗ, ಆ ಕಾಲುವೆ ಆಗದು, ಬೇರೆ ಯೋಜನೆಯಿಂದ ನೀರು ಬರುವುದೆಂದು ಸರಕಾರದವರು ತಿಳಿಯಹೇಳಿದರು. ಧರಣಿ ಕುಳಿತವರು ಅದನ್ನು ಕೇಳಿಸಿಕೊಳ್ಳದೆ ಇರಲಿಲ್ಲ, ಕೇಳಿಯೂ ಒಪ್ಪಲಿಲ್ಲ. ಇವೆರಡಕ್ಕೂ ಇರುವ ಭೇದವನ್ನು ಅಧಿಕಾರಿಗಳು ಅರಿಯುವುದು ಅವಶ್ಯ. ಗೊರೇಬಾಳದ ರೈತನಿಗೆ ಸರಕಾರದ ಭಾಷೆ ತಿಳಿಯದಿರಬಹುದು. ತನ್ನ ಹೊಲಕ್ಕೆ ನೀರು ಬಂದಿದೆಯೇ ಇಲ್ಲವೇ ಎಂಬುದು ಅವನಿಗೆ ಚೆನ್ನಾಗಿ ತಿಳಿಯುತ್ತದೆ.

ಆದುದರಿಂದ ಇನ್ನು ಮುಂದೆ ಯಾವನಾದರೂ ಮುಖಂಡನು ತನ್ನ ಏರ್ಪಾಟು ಜನರಿಗೆ ಅರ್ಥವಾಗಲಿಲ್ಲವೆಂದು ಹೇಳಿದರೆ, ಅದನ್ನು ಗೊತ್ತುಮಾಡುವ ಮೊದಲು ಆ ಜನರನ್ನು ಕೇಳಿದ್ದೆಯಾ ಎಂದು ಅವನನ್ನು ಪ್ರಶ್ನಿಸುವುದು ಪ್ರಜೆಗಳ ಹಕ್ಕು. ಮೊದಲು ಕೇಳಿದವನಿಗೆ ಆಮೇಲೆ ತಿಳಿಯಹೇಳುವ ಶ್ರಮವು ಬಹಳವಿರುವುದಿಲ್ಲ. ರಂಗಾಚಾರ್ಲು ಅವರ ಸಭೆಯು 1949ರಲ್ಲಿ ಮುಕ್ತಾಯಗೊಂಡಿತು. ಅದು ಕಲಿಸಿದ ಪಾಠವನ್ನಾದರೂ ಆಳುವವರು ಮರೆಯದಿರಲಿ.