ಸಂಬಳ ಬಾಕಿ ತೀರಿಸಿದ ಸಿಪಾಯಿ

ನವೆಂಬರ್ ಬಂತೆಂದರೆ ಟಿಪ್ಪು ಹೆಸರಲ್ಲಿ ನಮ್ಮ ಜಗಳ ಶುರು. ಅವನಪ್ಪನ ಬಗ್ಗೆ ಮಾತ್ರ ಯಾರಿಗೂ ಅಷ್ಟು ಕುತೂಹಲವಿಲ್ಲ. ನಾನು ರಾಯಲ್ಪಾಡಿನವನು. ಹೈದರಾಲಿ ಹುಟ್ಟಿದ ಬೂದಿಕೋಟೆ ಇರೋದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಆದರೂ ಎಂಜಿನಿಯರಿಂಗ್ ಮುಗಿಸುವವರೆಗೂ ನನಗೆ ಅವನು ಬರೀ ಟಿಪ್ಪುವಿನ ತಂದೆ.

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ. ತಂದೆ ಫತೇ ಮಹಮ್ಮದ್ ಶಿರಾ ನವಾಬನ ಸೇನಾಧಿಕಾರಿ. ಮಗ ಚಿಕ್ಕವನಿದ್ದಾಗಲೇ ಯುದ್ಧದಲ್ಲಿ ಸತ್ತ. ಅಣ್ಣ ಶಾಬಾಜ್ ಮೈಸೂರು ಸೇನೆ ಸೇರಿದ, ಹಿಂದೆಯೇ ತಮ್ಮನೂ ಹೋದ. ಓದುಬರಹ ಬರದ ಹುಡುಗ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಸರ್ವಾಧಿಕಾರಿ ನಂಜರಾಜನ ಕಣ್ಣಿಗೆ ಬಿದ್ದ. ಬಹುಮಾನವಾಗಿ ಸಿಕ್ಕಿದ್ದು 50 ಕುದುರೆ ಸವಾರರು, 200 ಕಾಲಾಳುಗಳ ನಾಯಕತ್ವ.

1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ. ಅಲ್ಲಿ ಫ್ರೆಂಚರ ನೆರವಿನಿಂದ ಫಿರಂಗಿ ಪಡೆ ಕಟ್ಟಿದ. ಅಲ್ಲಿಯೇ, ಗಾಯವಾಗದ ಸಿಪಾಯಿಗಳಿಗೂ ಪಟ್ಟಿ ಕಟ್ಟಿಸಿ ಗಾಯಾಳುಗಳ ಭತ್ಯೆ ಎತ್ತಿದ ಎಂದು ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಎದುರಾಳಿ ಪಕ್ಷದವನು ಎಂಬುದನ್ನೂ ನೆನಪಿಡೋಣ. ಇವತ್ತಿನ ನಕಲಿ ಬಿಲ್ಲುಗಳನ್ನು ಕಂಡ ನಮಗೆ ಅದೇನೂ ಹೊಸದಲ್ಲ ಬಿಡಿ.

ತಿರುವು ಬಂದದ್ದು 1758ರಲ್ಲಿ. ತಿಂಗಳುಗಟ್ಟಲೆ ಸಂಬಳವಿಲ್ಲದ ಸೈನಿಕರು ಶ್ರೀರಂಗಪಟ್ಟಣದಲ್ಲಿ ನಂಜರಾಜನ ಮನೆ ಮುಂದೆ ಧರಣಿ ಕೂತರು. ಹೈದರ್ ಬಂದ, ಲೆಕ್ಕ ಬಿಚ್ಚಿಸಿದ, ಬಾಕಿ ತೀರಿಸಿದ. ಸೇನೆ ಅವನದಾಯಿತು. ಮರುವರ್ಷ ಮರಾಠರಿಂದ ಬೆಂಗಳೂರನ್ನು ಉಳಿಸಿ ಫತೇ ಹೈದರ್ ಬಹಾದ್ದೂರ್ ಬಿರುದು ಪಡೆದ. 1761ರ ಹೊತ್ತಿಗೆ ಅರಸ ಕೃಷ್ಣರಾಜ ಒಡೆಯರ್ ಅರಮನೆಯಲ್ಲಿದ್ದರು, ಅಧಿಕಾರ ಹೈದರನ ಕೈಯಲ್ಲಿತ್ತು. 1769ರಲ್ಲಿ ಮದ್ರಾಸಿನ ಬಾಗಿಲಿಗೇ ಹೋಗಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡ.

ಸುಮಾರು 3500 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಅಹ್ಮೋಸ್ ಎಂಬ ಸೈನಿಕನಿದ್ದ. ಅವನಪ್ಪನೂ ಸೈನಿಕನೇ. ಶೌರ್ಯಕ್ಕೆ ಏಳು ಸಲ ಚಿನ್ನ ಪಡೆದ, ಜಮೀನು, ಗುಲಾಮರನ್ನೂ ಪಡೆದ. ಅದನ್ನೆಲ್ಲ ಎಲ್ ಕಾಬ್‌ನ ತನ್ನ ಗೋರಿಯ ಗೋಡೆ ಮೇಲೆ ಕೆತ್ತಿಸಿದ. ಫರೋಗಳು ಕೊಡುತ್ತಲೇ ಇದ್ದರು, ಅವನು ಸೈನಿಕನಾಗಿಯೇ ಉಳಿದ. ಮೈಸೂರಿನ ಖಜಾನೆಗೆ ಕೊಡಲು ಆಗಲಿಲ್ಲ, ಸಿಪಾಯಿಯೇ ದೊರೆಯಾದ.

ಇದನ್ನು ದ್ರೋಹ ಅಂತೀರೋ, ಸಾಮರ್ಥ್ಯ ಅಂತೀರೋ ನಿಮಗೆ ಬಿಟ್ಟದ್ದು. ನನಗನ್ನಿಸೋದು ಇಷ್ಟು: ದುಡಿದವರ ಕೂಲಿ ಕೊಡದ ಸರ್ಕಾರ ತನ್ನ ಕುರ್ಚಿಯನ್ನು ತಾನೇ ಖಾಲಿ ಮಾಡಿಕೊಳ್ಳುತ್ತೆ. ಯಾರು ಬಂದು ಕೂರ್ತಾರೆ ಅನ್ನೋದು ಆಮೇಲಿನ ಮಾತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಮಲಬಾರಿನಿಂದ ಬರುವವರೆಗೆ ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಶವವನ್ನು ಮೊದಲು ತಂದದ್ದು ಕೋಲಾರಕ್ಕೆ, ಅಪ್ಪನ ಮಕ್ಬರಾಕ್ಕೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದದ್ದು ಆಮೇಲೆ. ಕೋಲಾರಕ್ಕೆ ಬಂದಾಗ ಆ ಮಕ್ಬರಾ ನೋಡಿ ಹೋಗಿ.