ಜಪಮಾಲೆಯೇ ಗುರುತಾದ ಸಂತ ಜೋಸೆಫ್ ವಾಝ್

ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿ ಸಂತ ಜೋಸೆಫ್ ವಾಝ್ ಅವರ ಪುಣ್ಯಕ್ಷೇತ್ರವಿದೆ. ಅಲ್ಲಿನ ನೀರಿನ ಸೆಲೆ ಅವರ ಪ್ರಾರ್ಥನೆಯ ಫಲವಾಗಿ ಚಿಮ್ಮಿತೆಂಬುದು ಭಕ್ತರ ನಂಬಿಕೆ. ಈ ಸಂತರ ಸುತ್ತ ಪವಾಡದ ಕಥೆಗಳಿಗೆ ಬರವಿಲ್ಲ. ಆದರೆ ಅವರ ಬದುಕಿನಲ್ಲಿ ಪವಾಡಗಳಿಗಿಂತ ಮಿಗಿಲಾಗಿ ಬೆರಗು ಹುಟ್ಟಿಸುವುದು ಕೊರಳಲ್ಲಿದ್ದ ಒಂದು ಸಾಧಾರಣ ಜಪಮಾಲೆ.

ಜೋಸೆಫ್ ವಾಝ್ ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವ್ಲಿ ಗ್ರಾಮದಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷವೇ ತಮ್ಮನ್ನು ಮರಿಯ ಮಾತೆಯ ದಾಸನೆಂದು ಒಪ್ಪಿಸಿಕೊಂಡು ಪತ್ರವೊಂದನ್ನು ಬರೆದಿಟ್ಟರು. ದಾಸರ ಪದಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ದಾಸ್ಯಭಾವ ಅಪರಿಚಿತವೇನಲ್ಲ.

1681ರಲ್ಲಿ ಅವರು ಕೆನರಾ ಕರಾವಳಿಗೆ ಬಂದರು. ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲವದು. ಪೋರ್ಚುಗೀಸ್ ದೊರೆಯ ಹಕ್ಕಿನಂತೆ ಗೋವೆಯಿಂದ ನೇಮಕಗೊಂಡ ಗುರುಗಳು ಒಂದು ಕಡೆ, ರೋಮಿನಿಂದ ನೇರವಾಗಿ ಅಧಿಕಾರ ಪಡೆದು ಬಂದ ಧರ್ಮಾಧ್ಯಕ್ಷರು ಇನ್ನೊಂದು ಕಡೆ. ಯಾರು ನೀಡಿದ ಸಂಸ್ಕಾರ ಸಿಂಧು ಎಂಬ ಜಗಳದ ನಡುವೆ ಭಕ್ತರು ನಲುಗಿದ್ದರು. ವಾಝ್ ಎರಡು ಪಕ್ಷಗಳ ನಡುವೆ ಶಾಂತಿಗಾಗಿ ಶ್ರಮಿಸುತ್ತ ಊರೂರು ಅಲೆದು, 1684ರಲ್ಲಿ ಗೋವೆಗೆ ಮರಳಿದರು. ಯುರೋಪಿನ ಸನ್ಯಾಸಿ ಸಂಘಗಳು ಭಾರತೀಯರಿಗೆ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ, ಹಳೆ ಗೋವೆಯಲ್ಲಿ ಸ್ಥಳೀಯ ಗುರುಗಳು ಕಟ್ಟಿಕೊಂಡಿದ್ದ ಸಣ್ಣ ಕೂಟವೊಂದನ್ನು 1685ರಲ್ಲಿ ಸೇರಿ, ಅದಕ್ಕೊಂದು ಕ್ರಮಬದ್ಧ ಸಭೆಯ ರೂಪ ನೀಡಿದರು.

ಅವರ ಮನಸ್ಸು ಮಾತ್ರ ಸಿಂಹಳ ದ್ವೀಪದತ್ತ ನೆಟ್ಟಿತ್ತು. 1658ರಲ್ಲಿ ಜಾಫ್ನಾ ಡಚ್ಚರ ವಶವಾದ ಮೇಲೆ ಅಲ್ಲಿ ಕಥೋಲಿಕ ಆರಾಧನೆಗೆ ನಿಷೇಧವಿತ್ತು. ಗುರುಗಳನ್ನು ಹೊರಗಟ್ಟಲಾಗಿತ್ತು, ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಕಾದಿತ್ತು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಉಳಿದದ್ದು ಮನೆಯೊಳಗಿನ ಪ್ರಾರ್ಥನೆಯೊಂದೇ. ಹೀಗೆ ಸುಮಾರು ಮೂವತ್ತು ವರ್ಷ!

1687ರಲ್ಲಿ ವಾಝ್ ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಸಹಾಯಕನೊಡನೆ, ತೂತ್ತುಕ್ಕುಡಿಯಿಂದ ಹಡಗೇರಿದರು. ಬಿರುಗಾಳಿಗೆ ಸಿಕ್ಕ ಹಡಗು ಮನ್ನಾರಿನ ದಡ ಸೇರಿತು. ಅಲ್ಲಿಂದ ಜಾಫ್ನಾ ತಲುಪುವಷ್ಟರಲ್ಲಿ ಅವರು ಭೇದಿಯಿಂದ ಸಾವಿನ ಅಂಚಿಗೆ ಬಂದಿದ್ದರು. ಕರುಣೆಯುಳ್ಳ ಹೆಂಗಸೊಬ್ಬಳು ಕೊಟ್ಟ ಗಂಜಿ ಪ್ರಾಣ ಉಳಿಸಿತೆಂದು ಅವರ ಚರಿತ್ರೆಗಳು ಹೇಳುತ್ತವೆ.

ಚೇತರಿಸಿಕೊಂಡ ಮೇಲೆ ಎದುರಾದ ಪ್ರಶ್ನೆ ಬೇರೆಯದೇ. ಇವರಲ್ಲಿ ಕಥೋಲಿಕರು ಯಾರು? ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಿದರೂ ಹೌದೆನ್ನುವ ಧೈರ್ಯ ಯಾರಿಗೂ ಇಲ್ಲ. ವಾಝ್ ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ತಿಳಿಯದವರಿಗೆ ಅದು ಬರಿಯ ಮಣಿಸರ. ದಿನವೂ ಅದನ್ನು ಹಿಡಿದು ಜಪಿಸುತ್ತಿದ್ದವರ ಕಣ್ಣು ಮಾತ್ರ ಅದರ ಮೇಲೆ ನಿಲ್ಲಲೇಬೇಕು. ಕೊನೆಗೊಂದು ಮನೆಯವರ ಕಣ್ಣು ಹಾಗೆ ನಿಂತಿತು. ಮಾತು ನಿಧಾನವಾಗಿ ಬೆಳೆಯಿತು. ಗುರುಗಳೊಬ್ಬರನ್ನು ಕರೆಸಬಹುದೇ ಎಂಬಲ್ಲಿಗೆ ಬಂದಾಗ ಭಿಕ್ಷುಕ ತಾನು ಯಾರೆಂದು ತಿಳಿಸಿದ. ಆ ರಾತ್ರಿಯಿಂದಾಚೆಗೆ ಕತ್ತಲೆಯ ಮನೆಗಳಲ್ಲಿ ಗುಟ್ಟಾಗಿ ಬಲಿಪೂಜೆಗಳು ನಡೆದವು. ಇದರ ಯಶಸ್ಸು ವಾಝ್ ಒಬ್ಬರದೇ ಎನ್ನಲಾಗದು. ಹೆಸರುಳಿಯದ ಆ ಕುಟುಂಬ ಜಪವನ್ನು ಮರೆತಿದ್ದರೆ ಅವರ ಉಪಾಯ ವ್ಯರ್ಥವಾಗುತ್ತಿತ್ತು.

ಡಚ್ಚರ ಬೇಟೆ ತೀವ್ರವಾದಾಗ ಅವರು ಪುತ್ತಳಂಗೆ, ಬಳಿಕ 1692ರಲ್ಲಿ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಬೇಹುಗಾರನೆಂಬ ದೂರಿನ ಮೇಲೆ ಬಂಧನವಾಯಿತು. ಸೆರೆಯಲ್ಲೇ ಸಿಂಹಳ ಕಲಿತರು. ಅರಸನಿಗೆ ಕ್ರಮೇಣ ವಿಶ್ವಾಸ ಮೂಡಿತು. ಮಳೆಗಾಗಿ ಅವರು ಬಯಲಿನಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬ ಐತಿಹ್ಯ ಅಲ್ಲಿಯದು. 1697ರಲ್ಲಿ ಸಿಡುಬು ಹರಡಿ ಮನೆಯವರೇ ರೋಗಿಗಳನ್ನು ತೊರೆದಾಗ, ವಾಝ್ ಜಾತಿಮತ ನೋಡದೆ ಅವರ ಹುಣ್ಣು ತೊಳೆದರು, ಸತ್ತವರನ್ನು ಮಣ್ಣುಮಾಡಿದರು. ನನ್ನ ದೃಷ್ಟಿಯಲ್ಲಿ ಮಳೆಗಿಂತ ಇದು ದೊಡ್ಡದು.

ಗೋವೆಯಿಂದ ಬಂದ ಗುರುಗಳು ಬೆರಳೆಣಿಕೆಯಷ್ಟು. ಆದ್ದರಿಂದ ಹಳ್ಳಿಗಳಲ್ಲಿ ಅಣ್ಣಾವಿ, ಮೂಪ್ಪ ಎಂಬ ಗೃಹಸ್ಥ ಮುಖಂಡರಿಗೆ ನಿತ್ಯ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಜಪ ಕಲಿಸುವ ಹೊಣೆಯಿತ್ತು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳುಗಳಲ್ಲಿ ಭಕ್ತಿಗ್ರಂಥಗಳನ್ನು ರಚಿಸಿದರು.

1711ರ ಜನವರಿ 16ರಂದು ವಾಝ್ ಕ್ಯಾಂಡಿಯಲ್ಲಿ ನಿಧನರಾದರು. 1995ರಲ್ಲಿ ಎರಡನೆಯ ಜಾನ್ ಪಾಲ್ ಅವರು ಕೊಲಂಬೊದಲ್ಲಿ ವಾಝರಿಗೆ ಪುಣ್ಯವಂತ ಪದವಿ ನೀಡಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ನಗರದ ಗಾಲ್ ಫೇಸ್ ಬಯಲಿನಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಚರ್ಚು ಮುಂದೆ ನಾಶವಾಯಿತು. ಸಮಾಧಿಯ ಗುರುತು ಸಿಕ್ಕಿಲ್ಲ.