ಚಾರ್ಲ್ಸ್ ಸಮ್ನರ್ ಮಹಾಶಯರು

ಅಮೆರಿಕದ ಬೋಸ್ಟನ್ ನಗರದಲ್ಲಿ 1811ನೆಯ ಇಸವಿ ಜನವರಿ 6ರಂದು ಜನಿಸಿದ ಚಾರ್ಲ್ಸ್ ಸಮ್ನರ್ ಮಹಾಶಯರು ಹಾರ್ವರ್ಡ್ ವಿದ್ಯಾಪೀಠದಲ್ಲಿ ನ್ಯಾಯಶಾಸ್ತ್ರವನ್ನು ಕಲಿತು ವಕೀಲರಾದರು. 1838ರಲ್ಲಿ ಪ್ಯಾರಿಸ್ ನಗರದ ಉಪನ್ಯಾಸಮಂದಿರವೊಂದರಲ್ಲಿ ಕರಿಯ ವಿದ್ಯಾರ್ಥಿಗಳು ಬಿಳಿಯರ ಸಂಗಡ ಸಮಾನರಾಗಿ ಕುಳಿತಿದ್ದುದನ್ನು ಕಂಡು, ತಮ್ಮ ದೇಶದ ವರ್ಣಭೇದವು ಸೃಷ್ಟಿಯಿಂದಲ್ಲ, ಶಿಕ್ಷಣದ ದೋಷದಿಂದ ಬಂದುದೆಂದು ಅವರು ತಿಳಿದುಕೊಂಡರು.

ಇವರ ರಾಜಕಾರ್ಯಗಳು ಲೋಕಪ್ರಸಿದ್ಧವಾಗಿವೆ. ಆದರೂ ಪಾಠಶಾಲೆಯವರಾದ ನಮಗೆ ಸಾರಾ ರಾಬರ್ಟ್ಸ್ ಎಂಬ 5 ವರ್ಷದ ಕರಿಯ ಬಾಲಿಕೆಯ ವ್ಯಾಜ್ಯವೇ ಹೆಚ್ಚಿನದಾಗಿ ತೋರುತ್ತದೆ. ಅವಳ ಮನೆಗೆ 900 ಅಡಿಗಳ ದೂರದಲ್ಲಿ ಶಾಲೆಯೊಂದಿದ್ದಿತು. ಅಲ್ಲಿ ಅವಳಿಗೆ ಪ್ರವೇಶವಿರಲಿಲ್ಲ. ಕರಿಯರಿಗೆಂದು ನೇಮಿಸಿದ ಶಾಲೆಗೆ 2,100 ಅಡಿ ನಡೆಯಬೇಕಾಗಿದ್ದಿತು. ಹಿಮ ಬೀಳುವ ಊರಿನಲ್ಲಿ ಆ ದಾರಿಯು ಎಳೆಯ ಕಾಲುಗಳಿಗೆ ಎಷ್ಟೆಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾದುದಿಲ್ಲ. ತಂದೆಯಾದ ಬೆಂಜಮಿನ್ ರಾಬರ್ಟ್ಸರು ನಗರದ ಮೇಲೆ ದಾವೆ ಹೂಡಿದರು. ಕರಿಯ ವಕೀಲರಾದ ರಾಬರ್ಟ್ ಮಾರಿಸರೊಡನೆ ಸಮ್ನರರು 1849ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಉಚ್ಚ ನ್ಯಾಯಸ್ಥಾನದ ಮುಂದೆ ವಾದಿಸಿದರು. ವಯಸ್ಸು, ಕಲಿಕೆ ಇವುಗಳಿಂದ ಮಕ್ಕಳನ್ನು ವಿಂಗಡಿಸುವ ಅಧಿಕಾರವು ಶಾಲಾಸಮಿತಿಗೆ ಉಂಟು, ಮೈಬಣ್ಣದಿಂದ ವಿಂಗಡಿಸುವ ಅಧಿಕಾರವಿಲ್ಲ. ಬೇರ್ಪಟ್ಟ ಶಾಲೆಯು ಸಮಾನ ಶಾಲೆಯಾಗಲಾರದು. ಈ ಭೇದದಿಂದ ಬಿಳಿಯ ಮಕ್ಕಳ ಮನಸ್ಸೂ ಕೆಡುವುದು ಎಂಬುದೇ ಅವರ ವಾದದ ಸಾರವು. ಮುಖ್ಯ ನ್ಯಾಯಾಧಿಪತಿ ಲೆಮ್ಯುಯೆಲ್ ಷಾ ಅವರು ಸಮಾನತೆಯ ತತ್ತ್ವವನ್ನು ಒಪ್ಪಿದರು. ಆದರೆ ವಿಂಗಡಣೆಯು ಸಮಿತಿಯ ವಿವೇಚನೆಗೆ ಸೇರಿದುದು, ನ್ಯಾಯಸ್ಥಾನವು ಅದರಲ್ಲಿ ಕೈಹಾಕಲಾಗದು ಎಂದು 1850ರಲ್ಲಿ ತೀರ್ಪಿತ್ತರು. ವಿದ್ವತ್ತಿಗೆ ಹೆಸರಾದ ಆ ನ್ಯಾಯಾಧಿಪತಿಗಳು ಹೀಗೆ ಹಿಂಜರಿದುದು ನಮಗೆ ವಿಷಾದಕರವಾಗಿ ಕಾಣುತ್ತದೆ. ನ್ಯಾಯಸ್ಥಾನವು ಕೊಡದುದನ್ನು 1855ರಲ್ಲಿ ಆ ಸಂಸ್ಥಾನದ ಶಾಸನಸಭೆಯು ಕೊಟ್ಟಿತು.

1851ರಿಂದ ಸಮ್ನರರು ಸೆನೆಟಿನ ಸದಸ್ಯರಾಗಿದ್ದರು. ಗುಲಾಮಗಿರಿಯನ್ನು ಖಂಡಿಸಿದ ತಪ್ಪಿಗಾಗಿ 1856ರ ಮೇ 22ರಂದು ಪ್ರೆಸ್ಟನ್ ಬ್ರೂಕ್ಸ್ ಎಂಬವನು ಸಭಾಂಗಣದಲ್ಲಿಯೇ ಅವರನ್ನು ಬೆತ್ತದಿಂದ ಹೊಡೆದು ಮೂರ್ಛೆಗೆಡಹಿದನು. ಸುಮಾರು 3 ವರ್ಷಗಳವರೆಗೆ ಅವರ ಪೀಠವು ಬರಿದಾಗಿದ್ದರೂ ಸಂಸ್ಥಾನವು ಬೇರೊಬ್ಬರನ್ನು ಕಳುಹಿಸಲಿಲ್ಲ. 1870ರಲ್ಲಿ ಅವರು ತಂದ ಮಸೂದೆಯು ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದವನ್ನು ನಿಷೇಧಿಸಿ, ಇಂತಹ ವ್ಯಾಜ್ಯಗಳ ವಿಚಾರಣೆಯನ್ನು ಕೇಂದ್ರದ ನ್ಯಾಯಸ್ಥಾನಗಳಿಗೆ ವಹಿಸುವಂತಿದ್ದಿತು. ಮರಣಶಯ್ಯೆಯಲ್ಲಿಯೂ ಬಂದವರೊಡನೆ ಅದರ ರಕ್ಷಣೆಯನ್ನೇ ಬೇಡುತ್ತ 1874ರ ಮಾರ್ಚ್ 11ರಂದು ಅವರು ಅಗಲಿದರು. ಮರುವರ್ಷ ಮಸೂದೆಯು ಅಂಗೀಕೃತವಾಯಿತು. ಶಾಲೆಗಳ ಮಾತನ್ನು ಮಾತ್ರ ತೆಗೆದುಹಾಕಿದ್ದರು.

ಷಾ ಅವರ ತೀರ್ಪನ್ನು 1896ರಲ್ಲಿ ದೇಶದ ಪರಮೋಚ್ಚ ನ್ಯಾಯಸ್ಥಾನವು ತನ್ನ ಆಧಾರಗಳಲ್ಲೊಂದಾಗಿ ಎತ್ತಿಕೊಂಡಿತು. ಶಾಲೆಗಳಲ್ಲಿ ವರ್ಣಭೇದವು ನ್ಯಾಯವಿರುದ್ಧವೆಂದು ಅದೇ ನ್ಯಾಯಸ್ಥಾನವು ಸಾರಿದುದು 1954ರಲ್ಲಿ. ಸಾರಾಳ ಬೋಸ್ಟನ್ನಿನಲ್ಲಿಯಾದರೋ 1974ರಲ್ಲಿ ಕೇಂದ್ರದ ನ್ಯಾಯಾಧೀಶ ಆರ್ಥರ್ ಗ್ಯಾರಿಟಿಯವರು ಶಾಲಾಸಮಿತಿಯು ಬೇಕೆಂದೇ ಭೇದವನ್ನು ಉಳಿಸಿಕೊಂಡಿದೆಯೆಂದು ನಿರ್ಣಯಿಸಿದರು. ಆ ಸೆಪ್ಟೆಂಬರಿನಲ್ಲಿ ಎರಡು ವರ್ಣಗಳ ಮಕ್ಕಳೂ ಅವರ ಆಜ್ಞೆಯಂತೆ ಬಸ್ಸುಗಳಲ್ಲಿ ಪರಸ್ಪರರ ಕೇರಿಗಳ ಶಾಲೆಗಳಿಗೆ ಹೋದರು. ಕೆಲವು ಬಸ್ಸುಗಳ ಮೇಲೆ ಕಲ್ಲುಗಳು ಬಿದ್ದವು.